ಓದುಗರ ಪ್ರಶ್ನೆ: ಗಾಳಿಯಿರುವ ಲೋಕಗಳಲ್ಲಿ ನೌಕೆ ಇಳಿಸುವುದು

ಪ್ರಶ್ನೆ: ಚಂದ್ರನಲ್ಲಿ ಗಾಳಿಯೇ ಇಲ್ಲ, ಆದರೂ ವಿಕ್ರಮ್ ಮೆತ್ತಗೆ ಇಳಿಯಿತು. ಮಂಗಳದಲ್ಲಿ ಪ್ಯಾರಾಚೂಟ್ ಬಿಚ್ಚುವಷ್ಟು ಗಾಳಿ ಇದೆಯಂತೆ. ಹಾಗಾದರೆ ಅಲ್ಲಿ ಇಳಿಯುವುದು ಇನ್ನೂ ಸುಲಭವಾಗಬೇಕಲ್ಲವೇ? ವಿಕ್ರಮ್‌ನನ್ನೇ ಅಲ್ಲಿಗೂ ಕಳಿಸಬಹುದೇ?
— ಪ್ರೌಢಶಾಲಾ ಶಿಕ್ಷಕಿ, ತಿಪಟೂರು

ಉತ್ತರ: ಗಾಳಿಯಿಂದ ಇಂಧನ ಉಳಿಯುತ್ತದೆ, ಆದರೆ ಕೆಲಸ ಸುಲಭವಾಗುವುದಿಲ್ಲ. 2023ರ ಆಗಸ್ಟ್ 23ರಂದು ವಿಕ್ರಮ್ ಸುಮಾರು 30 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ 1.68 ಕಿ.ಮೀ. ವೇಗದಲ್ಲಿತ್ತು. ಆ ವೇಗವನ್ನೆಲ್ಲ ಅದು ಎಂಜಿನ್ ಉರಿಸಿಯೇ ಇಳಿಸಿಕೊಂಡಿತು, ಅದಕ್ಕೆ 19 ನಿಮಿಷ ಬೇಕಾಯಿತು. ಮಂಗಳಕ್ಕೆ ನೇರವಾಗಿ ಬರುವ ನೌಕೆಯ ವೇಗ ಸೆಕೆಂಡಿಗೆ ಸುಮಾರು 5.4 ಕಿ.ಮೀ. ವೇಗ ಮೂರು ಪಟ್ಟು ಹೆಚ್ಚಿದರೆ ಚಲನಶಕ್ತಿ ಹತ್ತು ಪಟ್ಟು. ಲೆಕ್ಕ ಹಾಕಿದರೆ ನೌಕೆಯ ಒಂದೊಂದು ಕಿಲೋಗ್ರಾಮಿನಲ್ಲೂ ಸುಮಾರು 14.6 ಮೆಗಾಜೂಲ್ ಶಕ್ತಿ ತುಂಬಿರುತ್ತದೆ. ಐದು ಲೀಟರಿಗೂ ಹೆಚ್ಚು ನೀರನ್ನು ಪೂರ್ತಿ ಆವಿ ಮಾಡಲು ಅಷ್ಟು ಶಕ್ತಿ ಸಾಕು. ಇದನ್ನು ಎಂಜಿನ್‌ನಿಂದಲೇ ಕಳೆಯಬೇಕೆಂದರೆ ನೆಲ ಮುಟ್ಟುವ ಪ್ರತಿ ಕಿಲೋಗೆ ಹತ್ತಿರಹತ್ತಿರ ಐದು ಕಿಲೋ ಇಂಧನ ಹೊತ್ತೊಯ್ಯಬೇಕು.

ಗಾಳಿ ಈ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ. ಮಂಗಳದಲ್ಲಿ ಪ್ಯಾರಾಚೂಟ್ ಬಿಚ್ಚುವ ಹೊತ್ತಿಗೆ ವೇಗ ಸೆಕೆಂಡಿಗೆ ಸುಮಾರು 420 ಮೀಟರಿಗೆ ಇಳಿದಿರುತ್ತದೆ. ಅಂದರೆ ಮೊದಲಿದ್ದ ಶಕ್ತಿಯಲ್ಲಿ ಉಳಿದಿರುವುದು ಶೇಕಡಾ ಒಂದಕ್ಕೂ ಕಡಿಮೆ. ಉಳಿದದ್ದೆಲ್ಲ ಶಾಖವಾಗಿ ಹೋಗಿರುತ್ತದೆ. ಕಾಲು, ಟ್ಯಾಂಕು, ಸೌರಫಲಕ ಎಲ್ಲವನ್ನೂ ಹೊರಗೆ ಚಾಚಿಕೊಂಡಿರುವ ವಿಕ್ರಮ್ ಆ ಶಾಖಕ್ಕೆ ಸಿಕ್ಕರೆ ಉಳಿಯುವುದಿಲ್ಲ. ಇನ್ನೊಂದು ಕಡೆ, ಮಂಗಳದ ನೆಲದ ಮೇಲೆ ಗಾಳಿಯ ಒತ್ತಡ ಬರೀ 6–7 ಮಿಲಿಬಾರ್, ನಮ್ಮದರ ನೂರನೇ ಒಂದು ಪಾಲೂ ಇಲ್ಲ. ಸುಡಲು ಅಷ್ಟು ಸಾಕು, ನಿಲ್ಲಿಸಲು ಸಾಲದು. ಹಾಗಾಗಿ ಚಂದ್ರನಿಗೆ ಎಂಜಿನ್ ಒಂದೇ ಸಾಕಾದರೆ, ಭೂಮಿಗೆ ಮರಳಲು ಶಾಖ ಕವಚ ಮತ್ತು ಪ್ಯಾರಾಚೂಟ್ ಸಾಕಾದರೆ, ಮಂಗಳಕ್ಕೆ ಶಾಖ ಕವಚವೂ ಬೇಕು, ಪ್ಯಾರಾಚೂಟೂ ಬೇಕು, ಕೊನೆಗೆ ಎಂಜಿನ್ನೋ ಗಾಳಿಚೀಲವೋ ಕೂಡ ಬೇಕು. ಒಂದರಿಂದ ಇನ್ನೊಂದಕ್ಕೆ ದಾಟುವ ಗಳಿಗೆಗಳಲ್ಲೇ ನೌಕೆಗಳು ಹೆಚ್ಚಾಗಿ ಸೋತಿರುವುದು. ಆ ವಿಷಯ ಮುಂದಿನ ಉತ್ತರಗಳಲ್ಲಿದೆ.

ಪ್ರಶ್ನೆ: ರಾಕೆಟ್ಟಿನ ಮೂತಿ ಚೂಪಾಗಿರುತ್ತದೆ. ಇಳಿಯುವ ನೌಕೆಗೆ ಮಾತ್ರ ಬೋಗುಣಿ ಕವುಚಿದಂಥ ಮೊಂಡು ಆಕಾರ ಯಾಕೆ? ಅದರ ಮೇಲೆ ಬಳಿಯುವ ಪದಾರ್ಥ ಯಾವುದು?
— ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: 1950ರ ದಶಕದ ಆರಂಭದವರೆಗೂ ಎಲ್ಲರೂ ಚೂಪೇ ಸರಿ ಎಂದುಕೊಂಡಿದ್ದರು. ಮೊಂಡಾಗಿದ್ದರೇ ಒಳ್ಳೆಯದು ಎಂದು ತೋರಿಸಿಕೊಟ್ಟವರು ಅಮೆರಿಕದ ಎಚ್. ಜೂಲಿಯನ್ ಅಲೆನ್. ಶಬ್ದಕ್ಕಿಂತ ವೇಗವಾಗಿ ಹೋಗುವ ನೌಕೆಯ ಮುಂದೆ ಗಾಳಿ ಒಮ್ಮೆಲೇ ಒತ್ತಿಕೊಂಡು ಕಾಯುವ ಪದರಕ್ಕೆ ಆಘಾತ ತರಂಗ ಎನ್ನುತ್ತಾರೆ. ಚೂಪು ಮೂತಿಗೆ ಅದು ಅಂಟಿಕೊಂಡೇ ಇರುತ್ತದೆ, ಶಾಖ ನೇರ ಮೈಗೆ ಇಳಿಯುತ್ತದೆ. ಮೊಂಡು ಮುಖದ ಮುಂದೆ ಗಾಳಿಗೆ ಪಕ್ಕಕ್ಕೆ ಸರಿಯಲು ಬಿಡುವಾಗುವುದಿಲ್ಲ. ಅದು ಮುದ್ದೆಯಾಗಿ ಒತ್ತಿ ನಿಲ್ಲುತ್ತದೆ, ಆಘಾತ ತರಂಗ ಆ ಮುದ್ದೆಯ ಆಚೆಗೆ ದೂರ ನಿಲ್ಲುತ್ತದೆ. ಕಾದದ್ದು ಬಹುಪಾಲು ಗಾಳಿಯೇ ಹೊರತು ನೌಕೆಯಲ್ಲ, ಆ ಗಾಳಿ ಹಿಂದಕ್ಕೆ ಹರಿದುಹೋಗುತ್ತದೆ. ವೈಕಿಂಗ್‌ನಿಂದ ಪರ್ಸಿವಿಯರೆನ್ಸ್‌ವರೆಗೆ ಅಮೆರಿಕದ ಮಂಗಳ ಲ್ಯಾಂಡರ್‌ಗಳ ಕವಚವೆಲ್ಲ ದುಂಡು ತುದಿಯ, ಅಕ್ಷದಿಂದ 70 ಡಿಗ್ರಿ ತೆರೆದ ಶಂಕುವೇ.

ಪದಾರ್ಥ ಬಳಿದದ್ದಲ್ಲ, ಜೋಡಿಸಿದ್ದು. 2012ರಲ್ಲಿ ಮಂಗಳಕ್ಕೆ ಇಳಿದ ಅಮೆರಿಕದ ರೋವರ್ ಕ್ಯೂರಿಯಾಸಿಟಿಯ 4.5 ಮೀಟರ್ ಅಗಲದ ಕವಚದಲ್ಲಿ 113 ಹೆಂಚುಗಳಿದ್ದವು, ಒಂದೊಂದೂ ಮೂರು ಸೆಂಟಿಮೀಟರಿಗಿಂತ ಚೂರು ದಪ್ಪ. ಇಂಗಾಲದ ನಾರಿಗೆ ಫಿನಾಲಿಕ್ ರಾಳ ಉಣಿಸಿದ ಹಗುರ ಪದಾರ್ಥ ಅದು, ಹೆಸರು ಪೀಕಾ. ಕಾದಾಗ ರಾಳ ಕರಕಾಗುತ್ತ ಅನಿಲ ಬಿಡುತ್ತದೆ. ಆ ಅನಿಲ ಹೊರಗೆ ನುಗ್ಗುವಾಗ ಬಿಸಿ ಗಾಳಿಯನ್ನು ಮೈಯಿಂದ ದೂರ ತಳ್ಳುತ್ತದೆ. ಕವಚ ತಾನು ಸವೆದು ಒಳಗಿನದನ್ನು ಕಾಯುತ್ತದೆ. ಈ ನೌಕೆಗೆ ಮೊದಲು ಆರಿಸಿದ್ದು ಬೇರೆ ಪದಾರ್ಥವನ್ನು, ಹಿಂದಿನ ಮಂಗಳ ನೌಕೆಗಳಲ್ಲೆಲ್ಲ ಕೆಲಸ ಮಾಡಿದ್ದ ಹಳೆಯ ನಂಬಿಕಸ್ಥನನ್ನೇ. ಆದರೆ ದೊಡ್ಡ, ಭಾರದ ನೌಕೆಯ ಅಂಚಿನಲ್ಲಿ ಗಾಳಿ ಮೈಯನ್ನು ಉಜ್ಜಿಕೊಂಡು ಹರಿಯುತ್ತದೆ. ಪ್ರಯೋಗಾಲಯದಲ್ಲಿ ವಿದ್ಯುತ್ ಚಾಪದಿಂದ ಕಾಯಿಸಿದ ಗಾಳಿಯನ್ನು ಹಾಗೆ ಉಜ್ಜಿಸಿ ನೋಡಿದಾಗ ಆ ಪದಾರ್ಥ ಕಿತ್ತುಕೊಂಡು ಹೋಯಿತು. ಬರೀ ಶಾಖದ ಪರೀಕ್ಷೆಯಲ್ಲಿ ಈ ದೋಷ ಕಾಣುತ್ತಿರಲಿಲ್ಲ. ಕವಚದ ಪರೀಕ್ಷೆಯಲ್ಲಿ ಶಾಖ, ಒತ್ತಡ, ಉಜ್ಜುವಿಕೆ ಮೂರೂ ಒಟ್ಟಿಗೆ ಇರಲೇಬೇಕು.

ಇದರ ತುತ್ತತುದಿ ಗುರುಗ್ರಹ. 1995ರ ಡಿಸೆಂಬರ್ 7ರಂದು ಗೆಲಿಲಿಯೋ ನೌಕೆ ಬಿಟ್ಟ ಶೋಧಕ ಸೆಕೆಂಡಿಗೆ 47 ಕಿ.ಮೀ. ವೇಗದಲ್ಲಿ ಒಳನುಗ್ಗಿತು. 339 ಕಿಲೋ ತೂಕದ ಆ ಶೋಧಕದಲ್ಲಿ 152 ಕಿಲೋ ಕವಚವೇ ಇತ್ತು, ಅದರಲ್ಲಿ ಅರ್ಧಕ್ಕೂ ಹೆಚ್ಚು ಸುಟ್ಟುಹೋಯಿತು. ನೌಕೆಯ ಮೇಲೆ ಬಿದ್ದ ಬಲ ಭೂಗುರುತ್ವದ 228 ಪಟ್ಟು.

ಪ್ರಶ್ನೆ: ಪರ್ಸಿವಿಯರೆನ್ಸ್ ಇಳಿದಾಗ ಭೂಮಿಯಿಂದ ಯಾರೂ ಸ್ಟಿಯರಿಂಗ್ ಹಿಡಿದಿರಲಿಲ್ಲ ಎಂದು ಓದಿದೆ. ಹಾಗಾದರೆ ಮುಂದಿನ ಹೆಜ್ಜೆ ಯಾವಾಗ ಎಂದು ಅದಕ್ಕೆ ಗೊತ್ತಾಗುವುದು ಹೇಗೆ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: 2021ರ ಫೆಬ್ರವರಿ 18ರಂದು ಮಂಗಳದಿಂದ ಇಲ್ಲಿಗೆ ರೇಡಿಯೋ ಸಂಕೇತ ಬರಲು 11 ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿತ್ತು. ಇಳಿಯುವುದು ಏಳೇ ನಿಮಿಷದ ಕೆಲಸ. ವಾತಾವರಣ ಮುಟ್ಟಿದೆ ಎಂಬ ಸುದ್ದಿ ಭೂಮಿಗೆ ಬರುವಷ್ಟರಲ್ಲಿ ಅಲ್ಲಿ ಎಲ್ಲ ಮುಗಿದಿತ್ತು.

ಪ್ರವೇಶದ ವೇಗ ಗಂಟೆಗೆ 19,500 ಕಿ.ಮೀ. ಸುಮಾರು 80 ಸೆಕೆಂಡಿಗೆ ಕವಚದ ಹೊರಮೈ ಅತಿ ಹೆಚ್ಚು ಕಾಯಿತು, 1,300 ಡಿಗ್ರಿ ಸೆಲ್ಸಿಯಸ್‌ನಷ್ಟು. ಈ ಹಂತದಲ್ಲಿ ನೌಕೆ ಕಲ್ಲಿನಂತೆ ಬೀಳುತ್ತಿರಲಿಲ್ಲ. ಕ್ಯೂರಿಯಾಸಿಟಿಯಲ್ಲಿ ಮೊದಲು ಬಂದ ಉಪಾಯವೇ ಇಲ್ಲೂ ಇತ್ತು: ಪ್ರವೇಶಕ್ಕೆ ಮುಂಚೆ 75 ಕಿಲೋದ ಎರಡು ಟಂಗ್‌ಸ್ಟನ್ ತೂಕಗಳನ್ನು ಎಸೆದು ಭಾರಕೇಂದ್ರವನ್ನು ಒಂದು ಪಕ್ಕಕ್ಕೆ ಸರಿಸುವುದು. ಆಗ ಕವಚ ಓರೆಯಾಗಿ ನಿಂತು ಸ್ವಲ್ಪ ಎತ್ತುಬಲ ಹುಟ್ಟುತ್ತದೆ. ಚಿಕ್ಕ ಥ್ರಸ್ಟರ್‌ಗಳು ಮೈಯನ್ನು ಎಡಕ್ಕೆ ಬಲಕ್ಕೆ ಹೊರಳಿಸಿದರೆ ಆ ಎತ್ತುಬಲದ ದಿಕ್ಕು ತಿರುಗಿ ದಾರಿ ತಿದ್ದುತ್ತದೆ. ಪ್ಯಾರಾಚೂಟಿಗೆ ಮುಂಚೆ ಮತ್ತೆ 25 ಕಿಲೋದ ಆರು ತೂಕಗಳನ್ನು ಬಿಸಾಡಿದರೆ ಸಮತೋಲ ಮರಳುತ್ತದೆ.

ಸುಮಾರು ನಾಲ್ಕು ನಿಮಿಷಕ್ಕೆ, 11 ಕಿ.ಮೀ. ಎತ್ತರದಲ್ಲಿ ಪ್ಯಾರಾಚೂಟ್. ಹಿಂದೆಲ್ಲ ‘ವೇಗ ಇಷ್ಟಕ್ಕೆ ಇಳಿದರೆ ಬಿಚ್ಚು’ ಎಂಬ ನಿಯಮವಿತ್ತು. ಪರ್ಸಿವಿಯರೆನ್ಸ್‌ಗೆ ಕೊಟ್ಟದ್ದು ‘ಗುರಿ ಇಷ್ಟು ದೂರ ಉಳಿದಾಗ ಬಿಚ್ಚು’ ಎಂಬ ನಿಯಮ. ಹೊಸ ಯಂತ್ರ ಒಂದೂ ಇಲ್ಲದೆ, ಇದೊಂದು ಸಾಲಿನ ಬದಲಾವಣೆಯಿಂದ ಇಳಿಯಬಹುದಾದ ಪ್ರದೇಶ ಬಹಳ ಕಿರಿದಾಯಿತು. ಆ ಪ್ರದೇಶ ದೀರ್ಘವೃತ್ತದ ಆಕಾರದ್ದು. ವೈಕಿಂಗ್ ಕಾಲದಲ್ಲಿ ಸುಮಾರು 280 ಕಿ.ಮೀ. ಉದ್ದವಿದ್ದ ಅದು, ದಾರಿ ತಿದ್ದುವ ಉಪಾಯವೂ ಈ ನಿಯಮವೂ ಸೇರಿ, ಪರ್ಸಿವಿಯರೆನ್ಸ್ ಇಳಿದ ಜೆಜೆರೋ ಕುಳಿಯಲ್ಲಿ 7.7 ಕಿ.ಮೀ.ಗೆ ಬಂತು. ನನ್ನ ಮಟ್ಟಿಗೆ ಈ ಇಡೀ ತಂತ್ರಜ್ಞಾನದ ಅತಿ ಸುಂದರ ಸುಧಾರಣೆ ಈ ನಿಯಮವೇ.

ಪ್ಯಾರಾಚೂಟ್ ಬಿಚ್ಚಿದ 20 ಸೆಕೆಂಡಿಗೆ ಶಾಖ ಕವಚ ಕಳಚಿತು. ಅಲ್ಲಿಯವರೆಗೆ ನೌಕೆ ಕುರುಡು. ಈಗ ರಾಡಾರ್ ಮತ್ತು ಕ್ಯಾಮೆರಾ ನೆಲ ಕಂಡವು. ಕೆಳಗಿನ ಚಿತ್ರಗಳನ್ನು ನೆನಪಿನಲ್ಲಿದ್ದ ನಕ್ಷೆಯೊಂದಿಗೆ ಹೋಲಿಸಿ, ತಾನೆಲ್ಲಿದ್ದೇನೆ ಎಂಬುದನ್ನು ಅದು 60 ಮೀಟರಿನೊಳಗೆ ಗುರುತಿಸಿಕೊಳ್ಳಬಲ್ಲದಾಗಿತ್ತು. ಎರಡು ಕಿ.ಮೀ. ಚಿಲ್ಲರೆ ಎತ್ತರದಲ್ಲಿ, ಗಂಟೆಗೆ 300 ಕಿ.ಮೀ. ದಾಟಿದ ವೇಗದಲ್ಲಿ ಪ್ಯಾರಾಚೂಟಿನ ಸಂಗ ಬಿಟ್ಟು ಎಂಟು ಎಂಜಿನ್ ಉರಿಸಿತು. ನೆಲ 20 ಮೀಟರ್ ಇರುವಾಗ ರೋವರನ್ನು 6.4 ಮೀಟರ್ ಉದ್ದದ ನೈಲಾನ್ ಹಗ್ಗಗಳಲ್ಲಿ ಬಾವಿಗೆ ಕೊಡ ಇಳಿಸಿದ ಹಾಗೆ ಇಳಿಸಿತು. ನೆಲ ಮುಟ್ಟುವಾಗ ವೇಗ ಗಂಟೆಗೆ 2.7 ಕಿ.ಮೀ.

ಪ್ರಶ್ನೆ: ಇಷ್ಟು ಲೆಕ್ಕಾಚಾರವಿದ್ದೂ ಮಂಗಳದಲ್ಲಿ ಹಲವು ನೌಕೆಗಳು ಅಪ್ಪಳಿಸಿವೆ. ಸಾಮಾನ್ಯವಾಗಿ ತಪ್ಪುವುದು ಎಲ್ಲಿ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಮೈಸೂರು

ಉತ್ತರ: ಕವಚ ಸುಟ್ಟುಹೋಗಿ ಸೋತದ್ದಕ್ಕಿಂತ, ತಾನು ಎಲ್ಲಿದ್ದೇನೆಂದು ನೌಕೆ ತಪ್ಪು ತಿಳಿದು ಸೋತದ್ದೇ ಹೆಚ್ಚು ಕಲಿಸುತ್ತದೆ. ಎರಡು ಪ್ರಕರಣ ನೋಡಿ.

1999ರ ಡಿಸೆಂಬರ್ 3ರಂದು ಅಮೆರಿಕದ ಮಾರ್ಸ್ ಪೋಲಾರ್ ಲ್ಯಾಂಡರ್ ಕಾಣೆಯಾಯಿತು. ತನಿಖೆಯವರು ಅತಿ ಸಂಭವನೀಯ ಎಂದ ಕಾರಣ ಇದು. ಕಾಲು ನೆಲ ಮುಟ್ಟಿದೆ ಎಂದು ಹೇಳುವ ಸೆನ್ಸರ್‌ಗಳು ಕಾಲಿನಲ್ಲಿದ್ದವು. ಎತ್ತರದಲ್ಲಿ ಮಡಚಿದ ಕಾಲುಗಳು ಧಡಕ್ಕನೆ ತೆರೆದಾಗಿನ ಅಲುಗಾಟಕ್ಕೇ ಅವು ‘ಮುಟ್ಟಿತು’ ಎಂದು ಸಂಕೇತ ಕೊಟ್ಟವು. ಸಾಫ್ಟ್‌ವೇರ್ ಅದನ್ನು ಅಳಿಸದೆ ನೆನಪಿಟ್ಟುಕೊಂಡಿತು. ನೆಲ ಇನ್ನೂ 40 ಮೀಟರ್ ಇರುವಾಗ, ಈಗ ಸೆನ್ಸರ್ ಮಾತು ಕೇಳಬಹುದು ಎಂಬ ಹಂತ ಬಂತು. ಹಳೆಯ ಸಂಕೇತ ಕಂಡಿತು, ಎಂಜಿನ್ ನಿಂತಿತು. ಉಳಿದ 40 ಮೀಟರ್ ಬಿದ್ದು, ಸೆಕೆಂಡಿಗೆ 22 ಮೀಟರ್ ವೇಗದಲ್ಲಿ ಅಪ್ಪಳಿಸಿರಬೇಕು. ಕಾಲು ತೆರೆಯುವಾಗ ಸುಳ್ಳು ಸಂಕೇತ ಬರುತ್ತದೆ ಎಂಬುದು ವಿನ್ಯಾಸಕಾರರಿಗೆ ತಿಳಿದಿತ್ತು. ಅದನ್ನು ಕಡೆಗಣಿಸಬೇಕೆಂಬ ಮಾತು ಸಾಫ್ಟ್‌ವೇರ್ ಬರೆಯುವವರ ಕೈಗೆ ಸರಿಯಾಗಿ ತಲುಪಿರಲಿಲ್ಲ.

2016ರ ಅಕ್ಟೋಬರ್ 19ರಂದು ಯುರೋಪಿನ ಸ್ಕಿಯಾಪರೆಲ್ಲಿ. ಪ್ಯಾರಾಚೂಟ್ ಬಿಚ್ಚಿದಾಗ ನೌಕೆ ನಿರೀಕ್ಷೆಗಿಂತ ಜೋರಾಗಿ ತೊನೆಯಿತು. ತಿರುಗುವಿಕೆ ಅಳೆಯುವ ಉಪಕರಣ ತನ್ನ ಅಳತೆಯ ಮೇಲ್ಮಿತಿಗೆ ಮುಟ್ಟಿ ಸುಮಾರು ಒಂದು ಸೆಕೆಂಡ್ ಅಲ್ಲೇ ಸಿಕ್ಕಿಕೊಂಡಿತು. ಅಷ್ಟೂ ಹೊತ್ತು ನೌಕೆ ಪೂರ್ಣ ವೇಗದಲ್ಲಿ ತಿರುಗುತ್ತಿದೆ ಎಂದು ಕಂಪ್ಯೂಟರ್ ಕೂಡುತ್ತ ಹೋಯಿತು. ಕೊನೆಗೆ ತಾನು ಹತ್ತಿರಹತ್ತಿರ ತಲೆಕೆಳಗಾಗಿದ್ದೇನೆ ಎಂದು ತೀರ್ಮಾನಿಸಿತು. ರಾಡಾರ್ ದೂರವನ್ನು ಸರಿಯಾಗೇ ಅಳೆಯುತ್ತಿತ್ತು, ಆದರೆ ತಲೆಕೆಳಗಾದ ಲೆಕ್ಕಕ್ಕೆ ಸೇರಿಸಿದಾಗ ಎತ್ತರ ಸೊನ್ನೆಗಿಂತ ಕೆಳಗೆ ಬಂತು. ನೆಲದೊಳಗೆ ಇದ್ದೇನೆ ಎಂದುಕೊಂಡ ಮೇಲೆ ಇನ್ನೇನು? 3.7 ಕಿ.ಮೀ. ಎತ್ತರದಲ್ಲೇ ಪ್ಯಾರಾಚೂಟ್ ಬಿಟ್ಟಿತು, ಥ್ರಸ್ಟರ್ ಮೂರೇ ಸೆಕೆಂಡ್ ಉರಿದು ಆರಿತು. ಗಂಟೆಗೆ ಸುಮಾರು 540 ಕಿ.ಮೀ. ವೇಗದಲ್ಲಿ ನೆಲಕ್ಕೆ ಬಡಿಯಿತು. ಕ್ಷಣದ ಹಿಂದೆ 3.7 ಕಿ.ಮೀ. ಇದ್ದ ಎತ್ತರ ಈಗ ಸೊನ್ನೆಗಿಂತ ಕಡಿಮೆ ಆಗಲು ಸಾಧ್ಯವೇ ಎಂಬ ಒಂದು ತಾಳೆ ಸಾಫ್ಟ್‌ವೇರಿನಲ್ಲಿ ಇದ್ದಿದ್ದರೆ ಕಥೆ ಬೇರೆಯಾಗಬಹುದಿತ್ತು.

ಈ ಬಗೆಯ ಪಾಠ ವಿನ್ಯಾಸದೊಳಗೇ ಹೇಗೆ ಸೇರುತ್ತದೆ ನೋಡಿ. ಹಗ್ಗದಲ್ಲಿ ಇಳಿಯುವ ರೋವರ್ ನೆಲ ಮುಟ್ಟಿತೇ ಎಂದು ತಿಳಿಯಲು ಕ್ಯೂರಿಯಾಸಿಟಿಯಲ್ಲಿ ಸ್ಪರ್ಶದ ಸ್ವಿಚ್ಚನ್ನು ನಂಬಿಲ್ಲ. ರೋವರಿನ ಭಾರ ನೆಲಕ್ಕೆ ಹೋದರೆ ಮೇಲಿನ ಎಂಜಿನ್‌ಗಳು ಕೊಡಬೇಕಾದ ತಳ್ಳುಬಲ ತಂತಾನೇ ಅರ್ಧದಷ್ಟಕ್ಕೆ ಇಳಿಯುತ್ತದೆ. ಆ ಇಳಿಕೆ ಸ್ಥಿರವಾಗಿ ನಿಂತರೆ ಮಾತ್ರ ಹಗ್ಗ ಕತ್ತರಿಸು. ಅಲುಗಾಟಕ್ಕೆ ಮೋಸ ಹೋಗದ ಸಾಕ್ಷಿ ಅದು.

ಭೂಮಿಯಲ್ಲೂ ಹೀಗೇ. 2004ರ ಸೆಪ್ಟೆಂಬರ್ 8ರಂದು ಸೂರ್ಯನಿಂದ ಹೊಮ್ಮುವ ಸೌರಗಾಳಿಯ ಕಣ ತಂದ ಅಮೆರಿಕದ ಜೆನೆಸಿಸ್ ನೌಕೆಯ ಕೋಶ ಯೂಟಾ ಮರುಭೂಮಿಗೆ ಗಂಟೆಗೆ 300 ಕಿ.ಮೀ. ಮೀರಿದ ವೇಗದಲ್ಲಿ ಬಡಿಯಿತು. ವೇಗ ತಗ್ಗುವುದನ್ನು ಗುರುತಿಸಿ ಪ್ಯಾರಾಚೂಟಿಗೆ ಸೂಚನೆ ಕೊಡಬೇಕಿದ್ದ ಪುಟ್ಟ ಸ್ವಿಚ್ಚುಗಳನ್ನು ಹಿಂದುಮುಂದಾಗಿ ಕೂರಿಸಲಾಗಿತ್ತು.

ಪ್ರಶ್ನೆ: ಒಂದೇ ಪ್ಯಾರಾಚೂಟ್ ಎಲ್ಲ ಗ್ರಹಗಳಿಗೂ ಆಗುವುದಿಲ್ಲವೇ? ಗುರುತ್ವ ಕಡಿಮೆಯಿದ್ದರೆ ಚಿಕ್ಕದೇ ಸಾಕಲ್ಲ?
— ಪಿಯುಸಿ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಗುರುತ್ವ ಅರ್ಧ ಮಾತು ಮಾತ್ರ. ಪ್ಯಾರಾಚೂಟಿನಲ್ಲಿ ಇಳಿಯುವ ಸ್ಥಿರ ವೇಗ, ಗುರುತ್ವವನ್ನು ಗಾಳಿಯ ಸಾಂದ್ರತೆಯಿಂದ ಭಾಗಿಸಿದ್ದರ ವರ್ಗಮೂಲದಂತೆ ಬದಲಾಗುತ್ತದೆ. ನೀವೇ ಲೆಕ್ಕ ಮಾಡಿ. ಭೂಮಿಯಲ್ಲಿ ಗುರುತ್ವ 9.8, ನೆಲಮಟ್ಟದ ಗಾಳಿ ಘನ ಮೀಟರಿಗೆ 1.2 ಕಿಲೋ. ಮಂಗಳದಲ್ಲಿ 3.7, ಗಾಳಿ ಸುಮಾರು 0.02 ಕಿಲೋ. ಶನಿಯ ಉಪಗ್ರಹ ಟೈಟನ್‌ನಲ್ಲಿ 1.35 ಮತ್ತು ಸುಮಾರು 5.4. ಶುಕ್ರದಲ್ಲಿ 8.9 ಮತ್ತು ಸುಮಾರು 65. ಭೂಮಿಯಲ್ಲಿ ಒಂದು ಹೊರೆಯನ್ನು ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಇಳಿಸುವ ಪ್ಯಾರಾಚೂಟ್ ಅದೇ ಹೊರೆಯನ್ನು ಮಂಗಳದಲ್ಲಿ ಸೆಕೆಂಡಿಗೆ 29 ಮೀಟರ್, ಅಂದರೆ ಗಂಟೆಗೆ ನೂರು ಕಿ.ಮೀ. ವೇಗದಲ್ಲಿ ಕೆಡವುತ್ತದೆ. ಟೈಟನ್‌ನಲ್ಲಿ ಸೆಕೆಂಡಿಗೆ ಒಂದು ಮೀಟರ್, ಶುಕ್ರದಲ್ಲಿ ಅದಕ್ಕೂ ಕಡಿಮೆ.

ಆದ್ದರಿಂದ ಗಾಳಿ ದಟ್ಟವಾದ ಕಡೆ ತೊಂದರೆ ತಿರುಗುಮುರುಗು: ಬೇಗ ಇಳಿಯುವುದೇ ಕಷ್ಟ. 2005ರ ಜನವರಿ 14ರಂದು ಟೈಟನ್‌ಗೆ ಇಳಿದ ಹೈಗೆನ್ಸ್ 8.3 ಮೀಟರಿನ ಮುಖ್ಯ ಪ್ಯಾರಾಚೂಟನ್ನು 15 ನಿಮಿಷಕ್ಕೇ ಕಳಚಿ ಬರೀ 3 ಮೀಟರಿನದಕ್ಕೆ ಬದಲಾಯಿಸಿಕೊಂಡಿತು. ಇಲ್ಲದಿದ್ದರೆ ನೆಲ ಸೇರುವ ಮುಂಚೆ ಬ್ಯಾಟರಿ ಮುಗಿಯುತ್ತಿತ್ತು. ಹಾಗಿದ್ದೂ ಎರಡೂವರೆ ಗಂಟೆ ಹಿಡಿಯಿತು. ಶುಕ್ರದಲ್ಲಿ ಅವಸರ ಶಾಖಕ್ಕಾಗಿ. ಸೋವಿಯತ್ ವೆನೆರಾ 9 ಮತ್ತು ನಂತರದ ಲ್ಯಾಂಡರ್‌ಗಳು ಸುಮಾರು 50 ಕಿ.ಮೀ. ಎತ್ತರದಲ್ಲೇ ಪ್ಯಾರಾಚೂಟ್ ಬಿಟ್ಟುಬಿಡುತ್ತಿದ್ದವು. ಆಮೇಲೆ ಕೊರಳಿಗೆ ಕಟ್ಟಿದ ತಟ್ಟೆಯಂಥ ಲೋಹದ ಬಿಲ್ಲೆಯೊಂದೇ ತಡೆ. ಸೆಕೆಂಡಿಗೆ ಏಳೆಂಟು ಮೀಟರಿನಲ್ಲಿ ನೆಲಕ್ಕೆ ಕೂತಾಗ ಕೆಳಗಿನ ಟೊಳ್ಳು ಬಳೆ ನಜ್ಜುಗುಜ್ಜಾಗಿ ಪೆಟ್ಟು ನುಂಗುತ್ತಿತ್ತು. ಪ್ರವೇಶಕ್ಕೆ ಮುಂಚೆಯೇ ಒಳಭಾಗವನ್ನು ಸೊನ್ನೆಗಿಂತ ಕೆಳಗೆ ತಣ್ಣಗಾಗಿಸಿಡುತ್ತಿದ್ದರು. 1982ರ ಮಾರ್ಚ್ 1ರಂದು ಇಳಿದ ವೆನೆರಾ 13, ಸುಮಾರು 457 ಡಿಗ್ರಿ ಶಾಖದಲ್ಲಿ 127 ನಿಮಿಷ ಬಾಳಿದ್ದು ಈ ಎಚ್ಚರಗಳಿಂದಲೇ. ಇಲ್ಲಿ ಪ್ಯಾರಾಚೂಟ್ ಕೈಕೊಟ್ಟರೂ ಉಳಿಯಬಹುದು. 1970ರ ಡಿಸೆಂಬರ್‌ನಲ್ಲಿ ವೆನೆರಾ 7ಕ್ಕೆ ಹಾಗೇ ಆಯಿತು. ಸೆಕೆಂಡಿಗೆ 17 ಮೀಟರಿನಲ್ಲಿ ಬಿದ್ದು ಪಕ್ಕಕ್ಕೆ ಉರುಳಿದರೂ 23 ನಿಮಿಷ ಕ್ಷೀಣವಾಗಿ ಸಂಕೇತ ಕಳಿಸಿತು. ಇನ್ನೊಂದು ಗ್ರಹದ ನೆಲದಿಂದ ಭೂಮಿಗೆ ಬಂದ ಮೊದಲ ಮಾತು ಅದು.

ಪ್ರಶ್ನೆ: ಮಂಗಳದ ಪ್ಯಾರಾಚೂಟನ್ನು ಭೂಮಿಯಲ್ಲಿ ಪರೀಕ್ಷಿಸುವುದು ಹೇಗೆ? ಬಟ್ಟೆ ಹರಿಯುವುದು ಯಾಕೆ?
— ಉಡುಪು ಕಾರ್ಖಾನೆಯ ಮೇಲ್ವಿಚಾರಕಿ, ರಾಮನಗರ

ಉತ್ತರ: ಬಟ್ಟೆ ಬಲ್ಲವರಿಂದ ಈ ಪ್ರಶ್ನೆ ಬಂದದ್ದು ಖುಷಿ. ಭೂಮಿಯಲ್ಲಿ 35–40 ಕಿ.ಮೀ. ಎತ್ತರದ ಗಾಳಿ ಮಂಗಳದ ಗಾಳಿಯಷ್ಟೇ ತೆಳು. ಪರ್ಸಿವಿಯರೆನ್ಸ್‌ನ ಪ್ಯಾರಾಚೂಟನ್ನು 2017–18ರಲ್ಲಿ ಅಮೆರಿಕದ ವಾಲಪ್ಸ್‌ನಿಂದ ಚಿಕ್ಕ ರಾಕೆಟ್ಟಿನಲ್ಲಿ ಹಾರಿಸಿ, ಅಲ್ಲಿ ಶಬ್ದಾತೀತ ವೇಗದಲ್ಲಿ ಬಿಚ್ಚಿ ನೋಡಿದರು. 81 ಕಿಲೋ ಬಟ್ಟೆ ಮತ್ತು ದಾರವನ್ನು ಯಂತ್ರದಿಂದ ಒತ್ತಿ ಒತ್ತಿ ಮರದ ಕೊರಡಿನಷ್ಟು ಗಟ್ಟಿ ಉರುಳೆ ಮಾಡಿರುತ್ತಾರೆ. ಅದು 0.4 ಸೆಕೆಂಡಿನಲ್ಲಿ 21.5 ಮೀಟರ್ ಅಗಲಕ್ಕೆ ಅರಳಿತು. ಎಳೆತ ಸುಮಾರು 31 ಟನ್ ಭಾರಕ್ಕೆ ಸಮ.

ಹರಿಯುವುದಕ್ಕೆ ಎರಡು ಸಂದರ್ಭ. ಒಂದು, ಅರಳುವಾಗ. ಎಲ್ಲ ಪಟ್ಟಿಗಳ ಮೇಲೂ ಎಳೆತ ಒಂದೇ ಸಮ ಬೀಳುವುದಿಲ್ಲ, ಮೊದಲು ಬಿಗಿಯುವ ಪಟ್ಟಿ ಒಂಟಿಯಾಗಿ ಹೊರೆ ಹೊರುತ್ತದೆ. 2014 ಮತ್ತು 2015ರಲ್ಲಿ ಹವಾಯಿಯ ಬಳಿ ಪರೀಕ್ಷಿಸಿದ 30 ಮೀಟರಿನ ಎರಡೂ ಪ್ಯಾರಾಚೂಟುಗಳು ಹರಿದವು. ಗಾಳಿಸುರಂಗದಲ್ಲಿ, ನಿಧಾನ ವೇಗದಲ್ಲಿ ಪಾಸಾದ ಬಟ್ಟೆ ಶಬ್ದಾತೀತದಲ್ಲಿ ಪಾಸಾಗುತ್ತದೆ ಎಂಬ ಭರವಸೆ ಅಲ್ಲಿಗೆ ಮುಗಿಯಿತು. ಎರಡು, ಅರಳುವುದಕ್ಕೂ ಮುಂಚೆ, ಚೀಲದಿಂದ ಹೊರಬರುವಾಗ. 2019ರ ಪರೀಕ್ಷೆಗಳಲ್ಲಿ ಯುರೋಪಿನ ಮಂಗಳ ಯೋಜನೆ ಎಕ್ಸೋಮಾರ್ಸ್‌ನ 15 ಮತ್ತು 35 ಮೀಟರಿನ ಪ್ಯಾರಾಚೂಟುಗಳು ಹೀಗೆ ಹರಿದವು. ಬಟ್ಟೆ ಚೀಲಕ್ಕೆ ಉಜ್ಜಿತ್ತು. ಮದ್ದಾಗಿ ಮುಖ್ಯವಾಗಿ ಚೀಲ ತೆರೆದುಕೊಳ್ಳುವ ಬಗೆ ಮತ್ತು ದಾರ ಮಡಚುವ ಕ್ರಮ ಬದಲಾದವು.

ಪ್ರಶ್ನೆ: ಗಾಳಿಚೀಲದಲ್ಲಿ ಪುಟಿದು ಇಳಿಯುವ ವಿಧಾನ ಏಕೆ ಬಿಟ್ಟರು?
— ಓದುಗ, ಕಲಬುರಗಿ

ಉತ್ತರ: ತೂಕಕ್ಕಾಗಿ. 1997ರ ಪಾತ್‌ಫೈಂಡರ್ 15 ಸಲವಾದರೂ ಪುಟಿಯಿತು. ಅದರ ರೋವರ್ ಹತ್ತೂವರೆ ಕಿಲೋ. 2004ರ ಸ್ಪಿರಿಟ್, ಆಪರ್ಚುನಿಟಿ 185 ಕಿಲೋ. ಕ್ಯೂರಿಯಾಸಿಟಿ 899 ಕಿಲೋ. ಆ ಭಾರಕ್ಕೆ ತಡೆಯುವ ಚೀಲವೇ ಹೊರಲಾರದಷ್ಟು ಭಾರವಾಗುತ್ತದೆ, ಚೂಪು ಕಲ್ಲಿಗೆ ಸೀಳುತ್ತದೆ ಕೂಡ.

ಪ್ರಶ್ನೆ: ಇಸ್ರೋ ಈ ವಿಷಯದಲ್ಲಿ ಎಲ್ಲಿದೆ? ಮಂಗಳಕ್ಕೆ ಇಪ್ಪತ್ತು ಟನ್ನಿನ ಮಾನವ ನೌಕೆ ಇಳಿಸುವುದು ಸಾಧ್ಯವೇ?
— ಪದವಿ ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕರು, ಉಡುಪಿ

ಉತ್ತರ: ಭೂಮಿಗೆ ಮರಳಿಸುವ ಅನುಭವ ಇಸ್ರೋಗೆ 2007ರಿಂದ ಇದೆ. ಆ ಜನವರಿ 22ರಂದು ಎಸ್‌ಆರ್‌ಇ-1 ಕೋಶ ಕಕ್ಷೆಯಿಂದ ಬಂಗಾಳ ಕೊಲ್ಲಿಗೆ ಇಳಿಯಿತು. ಗಗನಯಾನದ ಕೋಶದಲ್ಲಿ ಹತ್ತು ಪ್ಯಾರಾಚೂಟುಗಳಿವೆ: ಮುಚ್ಚಳ ಕೀಳಲು ಎರಡು, ತೊನೆತ ನಿಲ್ಲಿಸಿ ವೇಗ ತಗ್ಗಿಸಲು ಎರಡು, ದೊಡ್ಡವನ್ನು ಎಳೆದು ತೆಗೆಯಲು ಮೂರು ಚಿಕ್ಕವು, 25 ಮೀಟರಿನ ಮೂರು ದೊಡ್ಡವು. ದೊಡ್ಡವುಗಳಲ್ಲಿ ಎರಡು ಬಿಚ್ಚಿದರೂ ಸಾಕು. 2025ರ ಆಗಸ್ಟ್ 24ರಂದು ಹೆಲಿಕಾಪ್ಟರಿನಿಂದ ಕೋಶದ ಮಾದರಿಯನ್ನು ಬೀಳಿಸಿ ಈ ಸರಣಿಯನ್ನು ಪರೀಕ್ಷಿಸಿದ್ದಾರೆ.

ಭಾರದ ನೌಕೆಗೆ ಮೊದಲ ತೊಡಕು ಕವಚದ ಅಗಲ. ಬಹುತೇಕ ದೊಡ್ಡ ರಾಕೆಟ್ಟುಗಳ ಮೂತಿಯೊಳಗೆ ಹಿಡಿಯುವುದು ಸುಮಾರು ಐದು ಮೀಟರ್. ಭಾರ ಇಪ್ಪತ್ತು ಪಟ್ಟಾಗಿ ಅಗಲ ಅಷ್ಟೇ ಉಳಿದರೆ, ಮಂಗಳದ ತೆಳು ಗಾಳಿಯಲ್ಲಿ ವೇಗ ತಗ್ಗುವ ಮುಂಚೆ ನೆಲವೇ ಬಂದುಬಿಡುತ್ತದೆ. ಅದಕ್ಕೆ ಮಡಚಿ ಒಯ್ದು ಮೇಲೆ ಉಬ್ಬಿಸುವ ಕವಚದ ಯೋಚನೆ. ಇಸ್ರೋ 2022ರ ಸೆಪ್ಟೆಂಬರ್ 3ರಂದು ಕೇರಳದ ತುಂಬಾ ಉಡಾವಣಾ ಕೇಂದ್ರದಿಂದ ರೋಹಿಣಿ ರಾಕೆಟ್ಟಿನಲ್ಲಿ ಅಂಥದ್ದನ್ನು ಹಾರಿಸಿತು. ಪಾಲಿಕ್ಲೋರೋಪ್ರೀನ್ ಎಂಬ ರಬ್ಬರ್ ಲೇಪಿಸಿದ, ಕೆವ್ಲಾರ್ ಎಂಬ ಗಟ್ಟಿ ನಾರಿನ ಬಟ್ಟೆಯ ಆ ಕವಚ 84 ಕಿ.ಮೀ. ಎತ್ತರದಲ್ಲಿ ಸಾರಜನಕದಿಂದ ಉಬ್ಬಿತು. ಅದೇ ವರ್ಷ ನವೆಂಬರ್ 10ರಂದು ನಾಸಾ 6 ಮೀಟರಿನ ಇಂಥದೇ ಕವಚವನ್ನು ಭೂಕಕ್ಷೆಯಿಂದ ಇಳಿಸಿ ಪೆಸಿಫಿಕ್‌ನಲ್ಲಿ ಎತ್ತಿಕೊಂಡಿತು.

ಎರಡನೆಯ ತೊಡಕು ಪ್ಯಾರಾಚೂಟ್. ಇಪ್ಪತ್ತು ಟನ್ನಿಗೆ ಬೇಕಾಗುವಷ್ಟು ದೊಡ್ಡದು ಶಬ್ದಾತೀತ ವೇಗದಲ್ಲಿ ಸರಿಯಾಗಿ ಅರಳುವ ಭರವಸೆಯಿಲ್ಲ. ಅದನ್ನು ಕೈಬಿಟ್ಟು, ಶಬ್ದಾತೀತ ವೇಗದಲ್ಲಿರುವಾಗಲೇ ಎದುರುಗಾಳಿಗೆ ಮುಖಮಾಡಿ ಎಂಜಿನ್ ಹೊತ್ತಿಸುವುದು ಈಗ ಮುಂದಿರುವ ದಾರಿ. ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ 9 ರಾಕೆಟ್ಟಿನ ಮೊದಲ ಹಂತ ಭೂಮಿಯ ಮೇಲ್ವಾತಾವರಣದಲ್ಲಿ 2013ರಿಂದ ಇದನ್ನು ಮಾಡುತ್ತಿದೆ. ಅಲ್ಲಿನ ಗಾಳಿ ಮಂಗಳದ ಗಾಳಿಯಷ್ಟೇ ತೆಳುವಾದ್ದರಿಂದ ಆ ಹಾರಾಟಗಳ ಅಳತೆಗಳನ್ನು ನಾಸಾ ಎಂಜಿನಿಯರುಗಳು ಪಡೆದು ಅಭ್ಯಾಸ ಮಾಡಿದ್ದಾರೆ. ಮಂಗಳದಲ್ಲಿ ಇದುವರೆಗೆ ಇಳಿದ ನೌಕೆಗಳಲ್ಲಿ ಯಾವುದೂ ಹೀಗೆ ಇಳಿದಿಲ್ಲ. ಅಲ್ಲಿ ಅತಿ ಭಾರದ ರೋವರ್ ಇಂದಿಗೂ 1,025 ಕಿಲೋದ ಪರ್ಸಿವಿಯರೆನ್ಸ್.